ಹಳೇ ಕಾರಿನ ತಪಾಸಣೆ ರಿಪೋರ್ಟ್ ಓದೋದು ಹೇಗೆ? ನಡುವೆ ಒಂದು ತಪಾಸಣೆಯೇ ಕಾಣ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 2012ರ ಮಾಡೆಲ್ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದನ್ನು ನೋಡಿ ಬಂದಿದ್ದೇನೆ. ಬಣ್ಣ ಚೆನ್ನಾಗಿದೆ, ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿಬರಲು ಬೇಕಾದ ಗಾಡಿ ಇದು. ದಾರಿಯಲ್ಲಿ ಕೈಕೊಡಬಾರದು, ಅಷ್ಟೇ ನನ್ನ ಚಿಂತೆ.

ಎರಡು ವರ್ಷಕ್ಕೊಮ್ಮೆ ಮಾಡಿಸಬೇಕಾದ ತಪಾಸಣೆಯ ರಿಪೋರ್ಟುಗಳನ್ನು ಮಾರುವವರು ಕೊಟ್ಟಿದ್ದಾರೆ. ಅದರಲ್ಲಿರುವುದು ಇಷ್ಟು:

2017: 58,200 ಕಿ.ಮೀ. ಪಾಸ್.
2019: 81,900 ಕಿ.ಮೀ. ಫೇಲ್. ಮುಂದಿನ ಎಡ ಟೈರಿನ ಒಳ ಅಂಚು ಸವೆದಿದೆ. ಮರುದಿನ ಪಾಸ್. ರಿಮಾರ್ಕ್: ಹಿಂದಿನ ಬ್ರೇಕ್ ಪೈಪ್ ಮೇಲೆ ತುಕ್ಕು.
2021: 1,04,300 ಕಿ.ಮೀ. ಪಾಸ್. ರಿಮಾರ್ಕ್: ಅದೇ ತುಕ್ಕು. ಮುಂದಿನ ಎಡ ಲೋವರ್ ಆರ್ಮ್ ಬುಷ್ ಸವೆತ.
2023: ಏನೂ ಇಲ್ಲ.
2024: 1,09,800 ಕಿ.ಮೀ. ಪಾಸ್. ರಿಮಾರ್ಕ್: ಮುಂದಿನ ಎಡ ಟೈರಿನ ಒಳ ಅಂಚು ಸವೆತ.

2019ರಲ್ಲಿ ಫೇಲ್ ಆಗಿದ್ದು ನೋಡಿ ಭಯವಾಯ್ತು. ಕೊನೆಯದು ಪಾಸ್ ತಾನೇ, ತಲೆ ಕೆಡಿಸಿಕೊಳ್ಳಬೇಡಿ ಅನ್ನುತ್ತಾರೆ ಮಾರುವವರು. ತಗೊಳ್ಳಬಹುದಾ?

ಉತ್ತರ 1

ಫೇಲ್ ಅನ್ನೋ ಪದಕ್ಕೆ ಹೆದರಬೇಡಿ. ಬಲ್ಬ್ ಉರಿಯದಿದ್ದರೂ ಫೇಲ್ ಮಾಡ್ತಾರೆ. ಹಳೇ ಗಾಡಿಯ ರಿಪೋರ್ಟಿನಲ್ಲಿ ಒಂದೂ ರಿಮಾರ್ಕ್ ಇಲ್ಲ ಅಂದ್ರೆ ನನಗೆ ಜಾಸ್ತಿ ಅನುಮಾನ ಬರುತ್ತೆ.

ಉತ್ತರ 2

ತಪಾಸಣೆ ಲೈನಿನಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ಆ ಕಡೆ ನಿಂತು ರಿಮಾರ್ಕ್ ಬರೆದವನಾಗಿ ಹೇಳುತ್ತೇನೆ.

ಪಾಸ್ ಅಂದರೆ ಆ ದಿನ, ಕಣ್ಣಿಗೆ ಕಂಡ ಭಾಗಗಳು ನಿಯಮದ ಮಿತಿಯೊಳಗೆ ಇದ್ದವು ಅಂತ. ಅಷ್ಟೇ. ನಾವು ಯಾವ ಕವರನ್ನೂ ಬಿಚ್ಚುವುದಿಲ್ಲ. ಟೈಮಿಂಗ್ ಬೆಲ್ಟ್, ಕ್ಲಚ್, ಗೇರ್‌ಬಾಕ್ಸ್ ಒಳಗಿನ ಸ್ಥಿತಿ ಇದರಲ್ಲಿ ಬರುವುದಿಲ್ಲ. ಇವುಗಳಿಗೆ ಸರ್ವಿಸ್ ಬಿಲ್ಲೇ ಆಧಾರ. ಹಾಗಾಗಿ ಪಾಸ್, ಫೇಲ್ ಬಿಟ್ಟು ರಿಮಾರ್ಕುಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಿ.

ನಿಮ್ಮ ಗಾಡಿಯನ್ನೇ ನೋಡಿ. 2019ರಲ್ಲಿ ಎಡ ಟೈರಿನ ಒಳ ಅಂಚು ಹೋಗಿದೆ. ಮರುದಿನವೇ ಪಾಸ್ ಆಗಿದೆ, ಅಂದರೆ ಹೊಸ ಟೈರ್ ಹಾಕಿಸಿಕೊಂಡು ಬಂದಿದ್ದಾರೆ. 2021ರಲ್ಲಿ ಅದೇ ಮೂಲೆಯ ಬುಷ್, ಅಂದರೆ ಚಕ್ರವನ್ನು ಹಿಡಿದಿಡುವ ಆರ್ಮ್‌ನ ಕೀಲಿನಲ್ಲಿರುವ ರಬ್ಬರ್, ಸವೆದಿದೆ. 2024ರಲ್ಲಿ ಮತ್ತೆ ಅದೇ ಟೈರು, ಅದೇ ಒಳ ಅಂಚು. ಇವು ಮೂರು ಬೇರೆ ಬೇರೆ ದೂರುಗಳಲ್ಲ. ಬುಷ್ ಸಡಿಲವಾದರೆ ಓಡುವಾಗ ಚಕ್ರದ ಕೋನ ಬದಲಾಗುತ್ತದೆ, ಟೈರ್ ಒಂದೇ ಕಡೆ ಉಜ್ಜಿಕೊಳ್ಳುತ್ತದೆ. ಟೈರ್ ಬದಲಾಯಿಸಿದ್ದಾರೆ, ಕಾರಣವನ್ನು ಹಾಗೇ ಬಿಟ್ಟಿದ್ದಾರೆ. ಬುಷ್ ದೊಡ್ಡ ಖರ್ಚೇನಲ್ಲ. ಆದರೆ ಆ ಮೂಲೆಗೆ ಹಿಂದೆ ಎಲ್ಲಾದರೂ ಪೆಟ್ಟು ಬಿದ್ದು ಆರ್ಮ್ ಬಗ್ಗಿದ್ದರೆ ಕಥೆ ಬೇರೆ. ಅಲೈನ್‌ಮೆಂಟ್ ಮಾಡುವ ಕಡೆ ಗಾಡಿ ನಿಲ್ಲಿಸಿ, ಎಡ ಬಲದ ಅಳತೆ ಹೋಲಿಸಿ ನೋಡಿಸಿ.

ತುಕ್ಕಿನ ರಿಮಾರ್ಕ್ ಎರಡು ಸಲ ಇದ್ದು 2024ರಲ್ಲಿ ಮಾಯವಾಗಿದೆ. ಪೈಪ್ ಹೊಸದು ಹಾಕಿರಬಹುದು. ಕಪ್ಪು ಕೋಟಿಂಗ್ ಬಳಿದು ಮುಚ್ಚಿರಲೂಬಹುದು. ಬಳಿದದ್ದನ್ನು ಕೆರೆದು ನೋಡುವ ಅಧಿಕಾರ ಎಲ್ಲ ಕಡೆ ತಪಾಸಕರಿಗೆ ಇರುವುದಿಲ್ಲ. ಲಿಫ್ಟ್ ಮೇಲೆ ಏರಿಸಿ, ಟಾರ್ಚ್ ಹಿಡಿದು ಹಿಂದಿನ ಚಕ್ರದವರೆಗೂ ಪೈಪನ್ನು ನೋಡಿ. ಅಮ್ಮ ಕೂರುವ ಗಾಡಿ, ಬ್ರೇಕ್ ಪೈಪಿನಲ್ಲಿ ರಾಜಿ ಬೇಡ.

ರಿಪೋರ್ಟಿನ ಕೆಳಗೆ ಬ್ರೇಕಿನ ಅಂಕಿಗಳಿದ್ದರೆ ಅವನ್ನೂ ಓದಿ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಒಂದೇ ಆಕ್ಸಲ್‌ನ ಒಂದು ಚಕ್ರದ ಬ್ರೇಕ್ ಹಿಡಿತ ಇನ್ನೊಂದರ 70%ಗಿಂತ ಕಡಿಮೆ ಇದ್ದರೆ ದೊಡ್ಡ ದೋಷ ಅಂತ ಬರೆಯುತ್ತಾರೆ. ಮಿತಿಯೊಳಗಿದ್ದೂ ಪ್ರತಿ ಸಲ ಅಂತರ ಹೆಚ್ಚುತ್ತಿದ್ದರೆ ಒಂದು ಕಡೆ ಬ್ರೇಕನ್ನು ಒತ್ತುವ ಭಾಗ (ಕ್ಯಾಲಿಪರ್ ಅಥವಾ ವೀಲ್ ಸಿಲಿಂಡರ್) ಅಂಟಿಕೊಳ್ಳುತ್ತಿರಬಹುದು. ಹೊಗೆ ಪರೀಕ್ಷೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೋತಿರಬಹುದು, ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತಿರಲೂಬಹುದು.

ಉತ್ತರ 3

ನನ್ನ ಕಣ್ಣು ಹೋಗಿದ್ದು ಕಿಲೋಮೀಟರ್ ಮೇಲೆ. 2021ರವರೆಗೆ ವರ್ಷಕ್ಕೆ 11 ಸಾವಿರದಿಂದ 12 ಸಾವಿರ ಓಡಿದೆ. ಆಮೇಲೆ ಮೂರು ವರ್ಷಕ್ಕೆ ಬರೀ 5,500. ಮಾಲೀಕರು ಬದಲಾಗಿ ಓಡಾಟ ಕಡಿಮೆಯಾಗಿರಬಹುದು, ಗಾಡಿ ಸುಮ್ನೆ ನಿಂತಿರಬಹುದು. ಆದರೆ ಅದೇ ಅವಧಿಯಲ್ಲಿ ಒಂದು ತಪಾಸಣೆಯೂ ಇಲ್ಲ, ಅಲ್ವಾ? ಕಿಲೋಮೀಟರ್ ಕಡಿಮೆ ತೋರಿಸಲು ಮೀಟರ್ ಹಿಂದಕ್ಕೆ ತಿರುಗಿಸುವವರಿಗೆ ಅನುಕೂಲವಾಗುವುದೇ ಇಂಥ ಖಾಲಿ ಜಾಗ.

ಸಂಖ್ಯೆ ಇಳಿದ ಮಾತ್ರಕ್ಕೆ ಮೋಸ ಅಂತಲೂ ಅಲ್ಲ. ಒಂದು ಸಲ ಮಾತ್ರ ಇಳಿದು ಮುಂದಿನ ಸಲ ಸರಿಹೋದರೆ ಅದು ಟೈಪ್ ಮಾಡುವಾಗ ಆದ ತಪ್ಪು ಇರಬಹುದು. ಇಳಿದದ್ದು ಅಲ್ಲಿಂದಲೇ ಮುಂದುವರಿದರೆ ಎಚ್ಚರ.

ಎರಡೂ ಮುಂದಿನ ಟೈರುಗಳ ಪಕ್ಕದಲ್ಲಿ ಡಿಒಟಿ (DOT) ಅಂತ ಶುರುವಾಗುವ ಸಾಲು ನೋಡಿ. ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2319 ಅಂದರೆ 2019ರ 23ನೇ ವಾರ. ಈ ಸಾಲು ಟೈರಿನ ಒಂದೇ ಬದಿಗೆ ಪೂರ್ತಿ ಇರಬಹುದು, ಹೊರಗೆ ಕಾಣದಿದ್ದರೆ ಒಳಗಡೆ ಹುಡುಕಿ. ಚಾಸಿ ನಂಬರಿನ 17 ಅಕ್ಷರಗಳನ್ನೂ ಪ್ರತಿ ರಿಪೋರ್ಟಿನ ಜೊತೆ ಹೋಲಿಸಿ. ಅದರಲ್ಲಿ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ, ಓ ಥರ ಕಂಡರೆ ಅದು ಸೊನ್ನೆ.

ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಸರ್. ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ನೋಡಿದೆ. ಬುಷ್ಷಿನ ರಬ್ಬರ್ ಸೀಳಿದೆ, ಸಣ್ಣ ಸಲಾಕೆ ಇಟ್ಟು ಒತ್ತಿದರೆ ಆರ್ಮ್ ಅಲ್ಲಾಡುತ್ತೆ. ಪೈಪ್ ಹಳೆಯದೇ, ಮೇಲೆ ದಪ್ಪಗೆ ಕಪ್ಪು ಕೋಟಿಂಗ್ ಬಳಿದಿದ್ದಾರೆ. ಮುಂದಿನ ಬಲ ಟೈರ್ 1119, ಎಡ ಟೈರ್ 2722.

ಉತ್ತರ 2

ಅಂದರೆ ಎಡ ಟೈರನ್ನು 2022ರ ಮಧ್ಯದ ನಂತರವೇ ಹಾಕಿದ್ದಾರೆ, ಆ ಖಾಲಿ ಅವಧಿಯಲ್ಲಿ. ಅದೂ 2024ಕ್ಕೆ ಸವೆದಿದೆ. ಬುಷ್ ಹೋಗಿದ್ದರೆ ಟೈರ್ ಬೇಗ ಸವೆಯುತ್ತದೆ, ನಿಜ. ಆದರೂ ಗಾಡಿ ನಿಂತೇ ಇತ್ತು ಅನ್ನೋದನ್ನು ನಾನು ಒಪ್ಪುವುದಿಲ್ಲ. 2022 ಮತ್ತು 2023ರ ಬಿಲ್ ಯಾವುದಾದರೂ ಸರಿ, ಕೇಳಿ. ಆಯಿಲ್, ಬ್ಯಾಟರಿ, ಪಂಕ್ಚರ್, ಏನಾದರೂ ಆಗಬಹುದು. ಸರ್ವಿಸ್ ಬಿಲ್ ಮೇಲೆ ಸಾಮಾನ್ಯವಾಗಿ ಕಿಲೋಮೀಟರ್ ಬರೆದಿರುತ್ತಾರೆ. ಬಾಗಿಲಿನ ಕಂಬದ ಮೇಲೆ, ಬಾನೆಟ್ ಒಳಗೆ ಆಯಿಲ್ ಚೇಂಜ್ ಸ್ಟಿಕ್ಕರ್ ಇದೆಯಾ ನೋಡಿ.

ಕೇಳಿದವರು

ಬಿಲ್ ಸಿಕ್ಕಿತು. ಡ್ಯಾಶ್‌ಬೋರ್ಡ್ ಡ್ರಾಯರಿನಲ್ಲಿ ಕೈಪಿಡಿಯ ಒಳಗೆ ಮಡಚಿ ಇಟ್ಟಿತ್ತು. 2023ರ ಆಯಿಲ್ ಚೇಂಜ್, 1,31,600 ಕಿ.ಮೀ. ಹುಡುಕಿ ತೆಗೆದುಕೊಟ್ಟವರು ಮಾರುವವರೇ. 2024ರ ಕೊನೆಯಲ್ಲಿ ಅವರು ಈ ಗಾಡಿ ತಗೊಂಡಿದ್ದಂತೆ. ಬಿಲ್ ನೋಡಿ ಅವರ ಮುಖ ಸಪ್ಪಗಾಯ್ತು, ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಬೆಲೆ ಇಳಿಸುತ್ತೇನೆ ಅಂದರು. ನಾನು ಬೇಡ ಅಂದೆ. ಒಳ್ಳೆಯ ಮನುಷ್ಯ, ಪಾಪ.

ಉತ್ತರ 3

ಸರಿ ಮಾಡಿದ್ರಿ. ಆ ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಂಡು, ತಮಗೆ ಮಾರಿದವರ ಮೇಲೆ ದೂರು ಕೊಡಲು ಹೇಳಿ ಅವರಿಗೆ. ಮೀಟರ್ ತಿರುಗಿಸಿ ಮಾರುವುದು ಎಷ್ಟೋ ದೇಶಗಳಲ್ಲಿ ಅಪರಾಧ. ಅವರ ಕೈಯಲ್ಲಿ ಈಗ ಕಾಗದದ ಸಾಕ್ಷಿ ಇದೆ.

ಉತ್ತರ 2

ಮುಂದಿನ ಗಾಡಿ ನೋಡಲು ಹೋಗುವ ಮುಂಚೆ ರಿಪೋರ್ಟುಗಳನ್ನು ಇಲ್ಲಿ ಹಾಕಿ, ಓದಿ ಹೇಳುತ್ತೇನೆ. ಜೊತೆಗೆ ಟೈಮಿಂಗ್ ಬೆಲ್ಟಾ, ಚೈನಾ ಅಂತ ಕೇಳಿ ಬರೆಯಿರಿ. ಬೆಲ್ಟ್ ಆದರೆ ಬದಲಾಯಿಸಿದ ಬಿಲ್ ಬೇಕು.