ಅಕೌಂಟಲ್ಲಿ ದುಡ್ಡಿದೆ, ಟಿವಿಯಲ್ಲಿ ಸಿನಿಮಾ ಬಾಡಿಗೆ ಮಾತ್ರ ಆಗ್ತಿಲ್ಲ. ಲಿಮಿಟ್ ಎಲ್ಲಿ ಕೂತಿದೆ?

ತುಂಗಾತೀರ:
ಸ್ಮಾರ್ಟ್ ಟಿವಿಯ ಆಪ್‌ನಲ್ಲಿ ₹99, ₹149ರ ಸಿನಿಮಾಗಳು ಸಲೀಸಾಗಿ ಬಾಡಿಗೆಗೆ ಸಿಗುತ್ತವೆ. ₹499ರ ಹೊಸ ಸಿನಿಮಾ ಒತ್ತಿದರೆ "ಪಾವತಿ ಪೂರ್ಣವಾಗಲಿಲ್ಲ, ಬೇರೆ ವಿಧಾನ ಬಳಸಿ" ಅಂತ ಬಂದು ನಿಲ್ಲುತ್ತೆ. ಅದೇ ಡೆಬಿಟ್ ಕಾರ್ಡ್ ಅಂಗಡೀಲಿ ಐದು ಸಾವಿರಕ್ಕೂ ಓಡುತ್ತೆ. ಆಪ್‌ನವರು ಬ್ಯಾಂಕ್ ಕೇಳಿ ಅಂತಾರೆ, ಬ್ಯಾಂಕ್‌ನವರು ನಮ್ಮ ಕಡೆ ಬ್ಲಾಕ್ ಏನೂ ಇಲ್ಲ ಅಂತಾರೆ. ಈ ಲಿಮಿಟ್ ಇಟ್ಟಿರೋದು ಯಾರು? ಇನ್ನೊಂದು: ಯುಪಿಐನಲ್ಲಿ ಕಟ್ಟಿದಾಗ ದುಡ್ಡು ಕಟ್ ಆಗಿ ಸಿನಿಮಾ ತೆರೆಯಲಿಲ್ಲ. ಅದು ವಾಪಸ್ ಬರೋಕೆ ಎಷ್ಟು ದಿನ?

ಲೆಕ್ಕಪತ್ರ:
ಅಂಗಡೀಲಿ ಓಡುತ್ತೆ, ಟಿವಿಯಲ್ಲಿ ಓಡಲ್ಲ ಅನ್ನೋದರಲ್ಲೇ ಅರ್ಧ ಉತ್ತರ ಇದೆ. ಕಾರ್ಡಿಗೆ ಇರೋದು ಒಂದೇ ಲಿಮಿಟ್ ಅಲ್ಲ. ಎಟಿಎಂ, ಅಂಗಡಿ ಮಷೀನ್, ಟ್ಯಾಪ್, ಆನ್‌ಲೈನ್, ಮತ್ತೆ ಇವಕ್ಕೆಲ್ಲ ವಿದೇಶಿ ಖರೀದಿಯ ಲೆಕ್ಕ ಬೇರೆ. ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿ, ಅದೇ ವರ್ಷ ಅಕ್ಟೋಬರ್ 1ರಿಂದ ಇದನ್ನು ಜಾರಿಗೆ ತಂತು. ಹೊಸ ಕಾರ್ಡ್ ಕೈಗೆ ಬರುವಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಮಷೀನಿಗೆ ಮಾತ್ರ ಚಾಲೂ ಇರುತ್ತೆ. ಉಳಿದಿದ್ದನ್ನು ನಾವೇ ಆನ್ ಮಾಡಬೇಕು, ಮೊತ್ತವನ್ನೂ ನಾವೇ ನಿಗದಿ ಮಾಡಬಹುದು. ನಿಯಮ ಒಳ್ಳೆಯದೇ. ಆದರೆ ಆ ಮೊತ್ತ ದಾಟಿದೆ ಅಂತ ಟಿವಿ ಪರದೆ ಮೇಲೆ ಹೇಳೋರು ಯಾರೂ ಇಲ್ಲ.

ಬ್ಯಾಂಕ್ ಆಪ್‌ನಲ್ಲಿ ಕಾರ್ಡ್ ವಿಭಾಗಕ್ಕೆ ಹೋಗಿ, ಮ್ಯಾನೇಜ್ ಕಾರ್ಡ್ ಅಥವಾ ಅಂಥದೇ ಹೆಸರಿನ ಜಾಗದಲ್ಲಿ ಡೊಮೆಸ್ಟಿಕ್ ಕೆಳಗೆ ಆನ್‌ಲೈನ್ (ಕೆಲವು ಕಡೆ ಇ-ಕಾಮರ್ಸ್) ಹುಡುಕಿ. ಅಲ್ಲಿ ಸ್ವಿಚ್ಚೂ ಇರುತ್ತೆ, ಮೊತ್ತವೂ ಇರುತ್ತೆ. ನಿಮಗೆ ₹149 ಹೋಗ್ತಿದೆ ಅಂದ್ರೆ ಸ್ವಿಚ್ ಆನ್ ಇದೆ, ಮೊತ್ತ ಕಮ್ಮಿ ಇದೆ. ಸಾಮಾನ್ಯವಾಗಿ ಅದು ಇಡೀ ದಿನದ ಒಟ್ಟು ಮೊತ್ತ. ಬೆಳಿಗ್ಗೆ ಆನ್‌ಲೈನಲ್ಲಿ ಮೊಬೈಲ್ ರೀಚಾರ್ಜ್ ಮಾಡಿದ್ದರೆ ಅದೂ ಅದರೊಳಗೇ ಸೇರುತ್ತೆ.

ಬ್ಯಾಂಕ್‌ನವರ ಹತ್ರ "ಬ್ಲಾಕ್ ಇದೆಯಾ" ಅಂತ ಕೇಳಬೇಡಿ, "ಡಿಕ್ಲೈನ್ ಕೋಡ್ ಎಷ್ಟು" ಅಂತ ಕೇಳಿ. ಪಾವತಿ ಯಾಕೆ ತಿರಸ್ಕಾರ ಆಯ್ತು ಅಂತ ಹೇಳೋ ಸಂಖ್ಯೆ ಅದು. 51 ಅಂದ್ರೆ ಬ್ಯಾಲೆನ್ಸ್ ಇಲ್ಲ. 57 ಅಂದ್ರೆ ಆ ಬಗೆಯ ವ್ಯವಹಾರಕ್ಕೇ ಅನುಮತಿ ಇಲ್ಲ, ಅಂದರೆ ಸ್ವಿಚ್ ಆಫ್. 61 ಮೊತ್ತದ ಲಿಮಿಟ್ ದಾಟಿದೆ, 65 ಎಷ್ಟು ಸಲ ಅನ್ನೋ ಲಿಮಿಟ್ ದಾಟಿದೆ. ಯುಪಿಐ ಆದ್ರೆ ಝಡ್8 ಮೊತ್ತದ್ದು, ಝಡ್7 ಸಲದ್ದು, ಝಡ್9 ಬ್ಯಾಲೆನ್ಸ್‌ದು. ಫೋನ್ ಬದಲಾಯಿಸಿ ಹೊಸದಾಗಿ ಯುಪಿಐ ನೋಂದಾಯಿಸಿದ್ದರೆ ಮೊದಲ 24 ಗಂಟೆ ₹5,000 ಮೀರಲು ಬಿಡಲ್ಲ, ಅದನ್ನೂ ನೆನಪಿಡಿ.

ವಿದ್ಯಾ ಹಾಸನ:
ಕೋಡ್ ವಿಚಾರ ಸರಿ ಸರ್, ಆದ್ರೆ ಬ್ಯಾಂಕಿಗೆ ಫೋನ್ ಹಚ್ಚೋ ಮುಂಚೆ ಒಂದು ನೋಡಬೇಕು. ಒತ್ತಿದ ಮೇಲೆ ಒಟಿಪಿ ಬಂತಾ? ಒಟಿಪಿ ಇಲ್ಲ, ಬ್ಯಾಂಕಿನ ಎಸ್ಸೆಮ್ಮೆಸ್ಸೂ ಇಲ್ಲ ಅಂದ್ರೆ ಕೋರಿಕೆ ಬ್ಯಾಂಕ್ ತನಕ ಹೋಗೇ ಇಲ್ಲದಿರಬಹುದು. ಆಗ ಬ್ಯಾಂಕ್‌ನವರ ಹತ್ರ ಹೇಳೋಕೆ ಕೋಡೇ ಇರಲ್ಲ. ತಡೆ ಆಪ್‌ನಲ್ಲೋ ಟಿವಿ ಡಬ್ಬದಲ್ಲೋ ಇದೆ.

ಫೈರ್ ಟಿವಿ ಸ್ಟಿಕ್ ಆದ್ರೆ ಸೆಟ್ಟಿಂಗ್ಸ್, ಪ್ರಿಫರೆನ್ಸಸ್, ಪೇರೆಂಟಲ್ ಕಂಟ್ರೋಲ್ಸ್ ಒಳಗೆ ಖರೀದಿಗೆ ಪಿನ್ ಹಾಕಿದೆಯಾ ನೋಡಿ. ಗೂಗಲ್ ಪ್ಲೇಯ ಬಜೆಟ್ (ತಿಂಗಳ ಖರ್ಚು ಇಷ್ಟು ಅಂತ ನಾವೇ ಇಟ್ಟುಕೊಳ್ಳೋ ಮೊತ್ತ) ನೋಡಿ ಗಾಬರಿ ಆಗೋರು ಬಹಳ. ಅದು ಮೀರಿದೆ ಅಂತ ತಿಳಿಸುತ್ತೆ ಅಷ್ಟೇ, ಖರೀದಿಯನ್ನು ನಿಲ್ಲಿಸಲ್ಲ.

ವಾಲೆಟ್‌ನಿಂದ ಕಟ್ಟೋರಿಗೆ ಇನ್ನೊಂದು ಗೋಡೆ ಇದೆ. ಪೂರ್ತಿ ಕೆವೈಸಿ ಆಗದ ಸಣ್ಣ ವಾಲೆಟ್‌ಗೆ ತಿಂಗಳಿಗೆ ₹10,000ಕ್ಕಿಂತ ಹೆಚ್ಚು ತುಂಬೋಕಾಗಲ್ಲ, ಯಾವ ಹೊತ್ತಲ್ಲೂ ಅದರಲ್ಲಿ ಅಷ್ಟಕ್ಕಿಂತ ಹೆಚ್ಚು ಇರೋ ಹಾಗೂ ಇಲ್ಲ. ದಿನಸಿಗೂ ಅದೇ ವಾಲೆಟ್ ಬಳಸೋ ಮನೆಗಳಲ್ಲಿ ತಿಂಗಳ ಕೊನೆಗೆ ಸಿನಿಮಾಗೆ ತುಂಬೋಕೆ ಜಾಗವೇ ಉಳಿದಿರಲ್ಲ. ಡಿಶ್‌ನಲ್ಲಿ ಪೇ ಪರ್ ವ್ಯೂ (ಒಂದೊಂದು ಸಿನಿಮಾಗೂ ಬೇರೆ ದುಡ್ಡು) ಕೊಳ್ಳೋರು ಇನ್ನೂ ಹುಷಾರಾಗಿರಬೇಕು. ಚಾನೆಲ್ ಪ್ಯಾಕಿನ ದುಡ್ಡೂ ಸಿನಿಮಾದ ದುಡ್ಡೂ ಒಂದೇ ಬ್ಯಾಲೆನ್ಸ್‌ನಿಂದ ಹೋಗುತ್ತೆ. ಸಿನಿಮಾ ನೋಡಿದ ಮೇಲೆ ಉಳಿದಿದ್ದು ಸಾಲದಿದ್ದರೆ ರೀಚಾರ್ಜ್ ಗಡುವಿಗೆ ಮುಂಚೆಯೇ ಚಾನೆಲ್‌ಗಳು ಕಟ್.

ಜರ್ಸಿಕನ್ನಡಿಗ:
ಅಮೆರಿಕದಲ್ಲಿ ಇದು ಹಳೇ ಕಾಯಿಲೆ. ಹಳೇ ಸ್ಯಾಟಲೈಟ್ ಡಬ್ಬಗಳಲ್ಲಿ ರಿಮೋಟ್ ಒತ್ತಿದ ತಕ್ಷಣ ಸಿನಿಮಾ ತೆರೆಯುತ್ತಿತ್ತು, ಲೆಕ್ಕ ಡಬ್ಬದೊಳಗಿನ ಸ್ಮಾರ್ಟ್ ಕಾರ್ಡಲ್ಲಿ ಕೂರುತ್ತಿತ್ತು. ಡಬ್ಬ ಆಗಾಗ ಫೋನ್ ಲೈನಿನಲ್ಲಿ ಕಂಪನಿಗೆ ಕರೆ ಮಾಡಿ ಆ ಲೆಕ್ಕ ಒಪ್ಪಿಸಬೇಕು. ಒಪ್ಪಿಸೋ ತನಕ ಇಂತಿಷ್ಟೇ ಉದ್ರಿ ಅಂತ ಮಿತಿ. ಫೋನ್ ವೈರ್ ಕಿತ್ತಿಟ್ಟ ಮನೆಗಳಲ್ಲಿ ಕೆಲವು ಸಿನಿಮಾ ಆದ ಮೇಲೆ ಖರೀದಿ ನಿಲ್ಲುತ್ತಿತ್ತು, ಕಾರಣ ಮಾತ್ರ ಪರದೆ ಮೇಲೆ ಬರುತ್ತಿರಲಿಲ್ಲ. ಪರಿಹಾರ ಇಷ್ಟೇ: ವೈರ್ ಸಿಕ್ಕಿಸಿ ಡಬ್ಬಕ್ಕೆ ಕರೆ ಮಾಡಲು ಬಿಡೋದು, ಇಲ್ಲವೇ ನಾವೇ ಫೋನ್ ಮಾಡಿ ಆರ್ಡರ್ ಕೊಡೋದು.

ಲೆಕ್ಕಪತ್ರ:
ಕಟ್ ಆದ ಯುಪಿಐ ದುಡ್ಡಿನ ಬಗ್ಗೆ. ಪಾವತಿ ಆಪ್‌ನಲ್ಲಿ ಆ ವ್ಯವಹಾರದ ಸ್ಥಿತಿ ಮೊದಲು ನೋಡಿ. ಫೇಲ್ಡ್ ಅಥವಾ ಪೆಂಡಿಂಗ್ ಅಂತಿದ್ದು ಮಾರಾಟಗಾರರಿಗೆ ದೃಢೀಕರಣ ಮುಟ್ಟದಿದ್ದರೆ, ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ, ಇದು ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆ. ಕೇಳದೆಯೇ ಕೊಡಬೇಕು ಅಂತಿದೆ, ಆದ್ರೂ 12 ಅಂಕಿಯ ವ್ಯವಹಾರ ಸಂಖ್ಯೆ ಹಾಕಿ ದೂರು ಬರೆದಿಡಿ. ಸಕ್ಸಸ್ ಅಂತಿದ್ದರೆ ದುಡ್ಡು ಸಿನಿಮಾ ಆಪ್‌ನವರಿಗೆ ಮುಟ್ಟಿದೆ, ಆಗ ಬ್ಯಾಂಕ್ ಹಿಂದೆ ಬಿದ್ದು ಪ್ರಯೋಜನ ಇಲ್ಲ, ಅವರನ್ನೇ ಹಿಡಿಯಬೇಕು.

ವಿದ್ಯಾ ಹಾಸನ:
ಸಕ್ಸಸ್ ಇದ್ದರೆ ಸಿನಿಮಾ ಆಪ್ ಮುಚ್ಚಿ ಮತ್ತೆ ತೆಗೆದು ನಿಮ್ಮ ಖರೀದಿಗಳ ಪಟ್ಟಿ ನೋಡಿ, ಎಷ್ಟೋ ಸಲ ಸಿನಿಮಾ ತಡವಾಗಿ ಅಲ್ಲಿ ಬಂದು ಕೂತಿರುತ್ತೆ. ನೋಡದೇ ಇನ್ನೊಂದು ಸಲ ಒತ್ತಿ ಎರಡು ಸಲ ಕಟ್ಟಬೇಡಿ. ಪ್ರೈಮ್ ವಿಡಿಯೊ ಬಾಡಿಗೆಯಲ್ಲಿ ಸಾಮಾನ್ಯವಾಗಿ ಶುರು ಮಾಡೋಕೆ 30 ದಿನ ಇರುತ್ತೆ, ಒಮ್ಮೆ ಶುರು ಮಾಡಿದ್ರೆ 48 ಗಂಟೆ. ಬಂದಿದೆಯಾ ನೋಡೋಣ ಅಂತ ಪ್ಲೇ ಒತ್ತಿದ್ರೂ ಗಡಿಯಾರ ಓಡೋಕೆ ಶುರುವಾಗುತ್ತೆ.

ತುಂಗಾತೀರ:
ಒಟಿಪಿ ಬಂದಿತ್ತು. ಬ್ಯಾಂಕ್‌ನವರು ಹೇಳಿದ ಕೋಡ್ 61. ಬ್ಯಾಂಕ್ ಆಪ್‌ನಲ್ಲಿ ಆನ್‌ಲೈನ್ ಮೊತ್ತ ₹300 ಅಂತಿದೆ. ಎಷ್ಟಕ್ಕೆ ಏರಿಸಲಿ?

ಲೆಕ್ಕಪತ್ರ:
ಗರಿಷ್ಠಕ್ಕೆ ಎಳೆದು ಬಿಡಬೇಡಿ. ಒಂದು ದಿನಕ್ಕೆ ನಿಜವಾಗಿ ಬೇಕಾಗೋದರ ಎರಡರಷ್ಟು, ನಿಮಗೆ ₹1,000 ಸಾಕು. ಬದಲಾವಣೆ ಸಾಮಾನ್ಯವಾಗಿ ಆ ಕ್ಷಣಕ್ಕೇ ಜಾರಿಯಾಗುತ್ತೆ. ಮುಂದೆ ಕಾರ್ಡ್ ನವೀಕರಣವಾಗಿ ಹೊಸದು ಬಂದಾಗ ಆನ್‌ಲೈನ್ ಸ್ವಿಚ್ ಮತ್ತೆ ಆಫ್ ಇರುತ್ತೆ. ಆಗ ಬರೋದು 61 ಅಲ್ಲ, 57.