2000 ವಾಟ್ ಗೀಸರ್ ಬರೀ 6.8 ಆಂಪ್ ಎಳೆಯುತ್ತಿದೆ, ಯಾಕೆ?

ತೋಟದಮನೆ, ಶಿರಸಿ

ನಮ್ಮದು ಶಿರಸಿಯಿಂದ ಒಳಗೆ, ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ಸುಮಾರು ದೂರ ಇರುವ ಒಂಟಿ ಮನೆ. ಲೈನು ಕಾಡಿನೊಳಗೇ ಬರುತ್ತದೆ. ಅಡಿಕೆ ಸಿಪ್ಪೆ ಹಾಕಿ ಹಂಡೆ ಕಾಯಿಸುವುದು ಈಗ ಅಮ್ಮನಿಗೆ ಆಗುವುದಿಲ್ಲ, ಅದಕ್ಕೇ 15 ಲೀಟರಿನ ಗೀಸರ್ ಹಾಕಿಸಿದೆವು. ಅದರ ಮೇಲೆ 2000 ವಾಟ್, 230 ವೋಲ್ಟ್ ಅಂತ ಬರೆದಿದೆ. ಸಂಜೆ ಸುತ್ತಲಿನ ತೋಟಗಳಲ್ಲಿ ಪಂಪು ಶುರುವಾದರೆ ಸಾಕು, ನೀರು ಕಾಯುವ ಲಕ್ಷಣವೇ ಇಲ್ಲ.

ಐಟಿಐ ಕಲಿತ ಭಾವ ಬಂದಿದ್ದ. ಗೀಸರಿನ ಕವರ್ ಬಿಚ್ಚಿ ಟರ್ಮಿನಲ್ಲಿನಲ್ಲೇ ಅಳೆದ. ಥರ್ಮೋಸ್ಟಾಟ್ ಕಟ್ ಆಗಿದ್ದಾಗ 192 ವೋಲ್ಟ್, ಕಾಯಿಲ್ ಓಡುವಾಗ 180. ವಾಟ್ ಅನ್ನು ವೋಲ್ಟಿನಿಂದ ಭಾಗಿಸಿದರೆ ಆಂಪ್ ಅಂತ ಶಾಲೆಯಲ್ಲಿ ಕಲಿತದ್ದು. 2000 / 180 = 11.1 ಬರಬೇಕು ಅಲ್ವಾ? ಕ್ಲ್ಯಾಂಪ್ ಮೀಟರ್ 6.8 ಅನ್ನುತ್ತಿದೆ. ಕಾಯಿಲ್ ಅರ್ಧ ಹೋಗಿದೆಯಾ?

ಇನ್ನೊಂದು. ಬಾವಿಯ ಅರ್ಧ ಎಚ್‌ಪಿ ಪಂಪಿನ ವೈಂಡಿಂಗ್ 9 ಓಮ್ ತೋರಿಸುತ್ತದೆ. 180 / 9 ಅಂದರೆ 20 ಆಂಪ್. ಓಡುವಾಗ ನೋಡಿದರೆ 4! ಇದೆಂಥ ಲೆಕ್ಕ ಮಾರಾಯ್ರೆ?

ಹಳೇ ವೈರ್‌ಮನ್, ಕುಮಟಾ

ಕಾಯಿಲ್ ಚೆನ್ನಾಗಿಯೇ ಇದೆ. 2000 ವಾಟ್ ಅನ್ನುವುದು 230 ವೋಲ್ಟ್ ಸಿಕ್ಕಾಗಿನ ಮಾತು, ಎಲ್ಲಾ ವೋಲ್ಟೇಜಿಗೂ ಅದೇ ವಾಟ್ ಇರುವುದಿಲ್ಲ. ಕಾಯಿಲಿನಲ್ಲಿ ಬದಲಾಗದೆ ಇರುವುದು ಅದರ ರೆಸಿಸ್ಟೆನ್ಸ್. ಮೊದಲು ಅದನ್ನೇ ತೆಗೆಯಿರಿ. ವೋಲ್ಟಿನ ವರ್ಗವನ್ನು ವಾಟಿನಿಂದ ಭಾಗಿಸಿ: 230 × 230 / 2000 = 26.45 ಓಮ್. ಈಗ ನಿಮ್ಮ ಅಳತೆಯಿಂದ: 180 / 6.8 = 26.47. ಎರಡೂ ಒಂದೇ ಆಯ್ತಲ್ಲ!

ಹಾಗಾದರೆ ಸಂಜೆ ನಿಮಗೆ ಸಿಗುವ ಪವರ್ 180 × 6.8 = 1224 ವಾಟ್ ಅಷ್ಟೇ. ವೋಲ್ಟೇಜ್ ಕಡಿಮೆಯಾದರೆ ಕರೆಂಟೂ ಜೊತೆಗೇ ಇಳಿಯುತ್ತದೆ, ಅದಕ್ಕೇ ಪವರಿಗೆ ಹೊಡೆತ ಎರಡು ಕಡೆಯಿಂದ ಬೀಳುತ್ತದೆ. ಹದಿನೈದು ಲೀಟರ್ ನೀರು 25 ಡಿಗ್ರಿಯಿಂದ 55ಕ್ಕೆ ಬರಲು 2000 ವಾಟಿಗೆ ಸುಮಾರು 16 ನಿಮಿಷ ಸಾಕು, 1224ಕ್ಕೆ ಹತ್ತಿರ ಹತ್ತಿರ 26 ನಿಮಿಷ ಬೇಕು.

ಇದೇ ಲೆಕ್ಕ ಹಳೇ ಬುರುಡೆ ಬಲ್ಬಿಗೆ ಹಾಕಬೇಡಿ. 100 ವಾಟಿನ ಬಲ್ಬ್ ಉರಿಯುವಾಗ 529 ಓಮ್. ತಣ್ಣಗಿರುವಾಗ ಮೀಟರ್ ಇಟ್ಟರೆ ಅದರ ಹತ್ತನೇ ಒಂದು ಪಾಲೂ ತೋರಿಸದೇ ಇರಬಹುದು, ಒಳಗಿನ ಟಂಗ್‌ಸ್ಟನ್ ತಂತಿ ಬಿಸಿಯಾದ ಹಾಗೆ ರೆಸಿಸ್ಟೆನ್ಸ್ ಏರುತ್ತಾ ಹೋಗುತ್ತದೆ. ಗೀಸರಿನ ನಿಕ್ರೋಮ್ ತಂತಿಗೆ ಆ ಬುದ್ಧಿ ಇಲ್ಲ. ಬಿಸಿಗೂ ತಣ್ಣಗೂ ಸ್ವಲ್ಪವೇ ವ್ಯತ್ಯಾಸ.

ಪಂಪ್ ರಿಪೇರಿ, ಸಿದ್ದಾಪುರ

ಪಂಪಿನ ಬಗ್ಗೆ ನಾನು ಹೇಳುತ್ತೇನೆ. ಮಲ್ಟಿಮೀಟರ್ ತೋರಿಸುವ 9 ಓಮ್ ಬರೀ ತಾಮ್ರದ್ದು. ಮೋಟರ್ ತಿರುಗಲು ಶುರು ಮಾಡಿದ ಮೇಲೆ ಒಳಗಿನ ಅಯಸ್ಕಾಂತದ ಆಟವೇ ಕರೆಂಟನ್ನು ತಡೆದು ಹಿಡಿಯುತ್ತದೆ, ಎಸಿಯಲ್ಲಿ ಹಾಗೇ. ಅದಕ್ಕೇ 4 ಆಂಪ್. ಇಂಪೆಲ್ಲರಿನಲ್ಲಿ (ನೀರು ತಳ್ಳುವ ಚಕ್ರದಲ್ಲಿ) ಕಸ ಸಿಕ್ಕಿ ಮೋಟರ್ ತಿರುಗದೆ ಹೂಂಗುಟ್ಟುತ್ತಾ ನಿಂತಿತು ಅಂತ ಇಟ್ಟುಕೊಳ್ಳಿ. ಆಗ ಕರೆಂಟು ಸರಕ್ಕನೆ ಎಷ್ಟೋ ಪಟ್ಟು ಏರುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ವೈಂಡಿಂಗ್ ಕರಟಿ ಹೋಗುತ್ತದೆ. ಇನ್ನು 180 × 4 = 720 ಬರುತ್ತಲ್ಲ, ಅದು ವಾಟ್ ಅಲ್ಲ. ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, ಅಂದರೆ ಪವರ್ ಫ್ಯಾಕ್ಟರಿನಿಂದ ಗುಣಿಸಬೇಕು. 0.8 ಅಂತ ಹಿಡಿದರೆ 576 ವಾಟ್.

ಗೀಸರ್ ಕಡಿಮೆ ವೋಲ್ಟೇಜಿನಲ್ಲಿ ಸುಮ್ನೆ ನಿಧಾನ ಆಗುತ್ತದೆ. ಮೋಟರ್ ಹಾಗಲ್ಲ. ನೀರು ಎತ್ತುವ ಭಾರ ಅಷ್ಟೇ ಇರುವುದರಿಂದ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತದೆ. ಸಂಜೆ ಪಂಪ್ ಹಾಕಬೇಡಿ, ಬೆಳಿಗ್ಗೆ ಹಾಕಿ.

ಕೋಡಿಬಾಗ, ಕಾರವಾರ

ಎಲ್ಲರೂ ಒಂದು ವಿಷಯ ಬಿಟ್ಟಿರಿ. 192 ಇದ್ದದ್ದು 180 ಆಯಿತು, ಆ 12 ವೋಲ್ಟ್ ಎಲ್ಲಿ ಹೋಯಿತು? 12 / 6.8 = 1.76 ಓಮ್ ದಾರಿಯಲ್ಲಿ ಎಲ್ಲೋ ಕೂತಿದೆ. ಅದು ಊರ ಲೈನಿನಲ್ಲಿದ್ದರೆ ಒಂದು ಕಥೆ, ಮನೆಯೊಳಗೆ ಇದ್ದರೆ ಬೇರೆ. ಗೀಸರ್ ಓಡುತ್ತಿರುವಾಗಲೇ ಮೇನ್ ಬೋರ್ಡಿನಲ್ಲಿ ವೋಲ್ಟೇಜ್ ನೋಡಿ. ಭಾವನ ಕೈಯಲ್ಲೇ ಮಾಡಿಸಿ, ಒದ್ದೆ ಬಚ್ಚಲಲ್ಲಿ ಬರಿಗಾಲಲ್ಲಿ ನಿಂತು ಇದೆಲ್ಲ ಬೇಡ.

ತೋಟದಮನೆ, ಶಿರಸಿ

ನೋಡಿಸಿದೆ. ಮೇನ್ ಬೋರ್ಡಿನಲ್ಲಿ 189, ಗೀಸರಿನಲ್ಲಿ 180. ವೈರ್ 2.5 ಚದರ ಎಂಎಂ ತಾಮ್ರ, ಬೋರ್ಡಿನಿಂದ 15 ಮೀಟರ್.

ಕೋಡಿಬಾಗ, ಕಾರವಾರ

ಹಾಗಾದರೆ ಊರ ಲೈನು ನುಂಗಿದ್ದು 3 ವೋಲ್ಟ್, ನಿಮ್ಮ ಮನೆ ನುಂಗಿದ್ದು 9. ಆ ವೈರ್ ಕಿಲೋಮೀಟರಿಗೆ ಸುಮಾರು 7.4 ಓಮ್. ಹೋಗಿ ಬರುವ ದಾರಿ ಸೇರಿ 30 ಮೀಟರ್, ಅಂದರೆ 0.22 ಓಮ್. ಅದಕ್ಕೆ ಒಂದೂವರೆ ವೋಲ್ಟ್ ಬಿಟ್ಟುಬಿಡಿ. ಉಳಿದ ಏಳೂವರೆ ವೋಲ್ಟ್ ಯಾವುದೋ ಲೂಸ್ ಜಾಯಿಂಟಿನಲ್ಲಿದೆ. 7.5 × 6.8 = 51 ವಾಟ್. ಒಂದು ಸೋಲ್ಡರಿಂಗ್ ಐರನ್ ಅನ್ನು ಪ್ಲಗ್ಗಿನೊಳಗೆ ಇಟ್ಟು ಮುಚ್ಚಿದ ಹಾಗೆ! ನಮ್ಮಲ್ಲಿ ಉಪ್ಪು ಗಾಳಿಗೆ ಹಿತ್ತಾಳೆ ಸ್ಕ್ರೂ ಹಸಿರುಗಟ್ಟಿ ಹೀಗಾಗುವುದು ಮಾಮೂಲಿ, ನಿಮ್ಮಲ್ಲಿ ಮಳೆಗಾಲದ ಥಂಡಿ ಇದೆಯಲ್ಲ.

ಮೇನ್ ಆಫ್ ಮಾಡಿ 16 ಆಂಪ್ ಪ್ಲಗ್ ಎಳೆದು ಪಿನ್ ನೋಡಿ.

ತೋಟದಮನೆ, ಶಿರಸಿ

ನ್ಯೂಟ್ರಲ್ ಪಿನ್ ಕಪ್ಪಾಗಿದೆ, ಸಾಕೆಟ್ಟಿನ ತೂತಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಉಬ್ಬಿದೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಯಾಕೆ ಬೀಳಲಿಲ್ಲ?

ಹಳೇ ವೈರ್‌ಮನ್, ಕುಮಟಾ

ಅದು ನೋಡುವುದು ಕರೆಂಟನ್ನು, ಬಿಸಿಯಾದ ಪ್ಲಗ್ಗನ್ನಲ್ಲ. ನಿಮ್ಮದು 6.8 ಆಂಪ್, 16ರ ಎಂಸಿಬಿ ಯಾಕೆ ಬೀಳಬೇಕು? ಲೂಸ್ ಜಾಯಿಂಟ್ ಕರೆಂಟನ್ನು ಇನ್ನಷ್ಟು ಕಡಿಮೆಯೇ ಮಾಡುತ್ತದೆ. ಪ್ಲಗ್ ಟಾಪ್ ಒಂದನ್ನೇ ಬದಲಿಸಬೇಡಿ, ಸಾಕೆಟ್ಟಿನ ಹಿಡಿತ ಸಡಿಲವಾಗಿರುತ್ತದೆ, ಎರಡನ್ನೂ ತೆಗೆಸಿ. ಸುಟ್ಟ ವೈರಿನ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ ಸ್ಕ್ರೂ ಬಿಗಿ ಮಾಡಿಸಿ. ಅಲ್ಲಿಯವರೆಗೆ ಅಡಿಕೆ ಸಿಪ್ಪೆಯೇ ಗತಿ.