ಒಟ್ಟು ಖರ್ಚಿಗಿಂತ ಕಡಿಮೆ ರೇಟಿನ ದೊಡ್ಡ ಆರ್ಡರ್: ತಗೋಬೇಕಾ, ಬಿಡಬೇಕಾ?

ಪ್ರಶ್ನೆ: ಮೇಡಂ, ನಮ್ಮದು ಕಬ್ಬಿಣದ ರ್‍ಯಾಕ್ ಮಾಡುವ ಸಣ್ಣ ಘಟಕ. ತಿಂಗಳಿಗೆ 1,000 ಮಾಡಬಹುದು, ಈಗ 700ಕ್ಕಷ್ಟೇ ಆರ್ಡರ್ ಇದೆ. ಒಂದನ್ನು 1,000ಕ್ಕೆ ಮಾರುತ್ತೇವೆ. ಕಚ್ಚಾ ಮಾಲು, ಪೀಸ್ ಲೆಕ್ಕದ ಕೂಲಿ, ಸಾಗಣೆ ಸೇರಿ 600 ಬೀಳುತ್ತದೆ. ಬಾಡಿಗೆ, ಸಂಬಳ, ಸಾಲದ ಬಡ್ಡಿ ಎಲ್ಲ ಸೇರಿ ತಿಂಗಳಿಗೆ 2,10,000. ಅಂದರೆ ರ್‍ಯಾಕ್ ಒಂದಕ್ಕೆ 300. ಈಗ ಹೊಸ ಪಾರ್ಟಿಯೊಬ್ಬರು ಮೂರು ತಿಂಗಳು, ತಿಂಗಳಿಗೆ 200ರಂತೆ, 800ರ ರೇಟಿಗೆ ಕೇಳುತ್ತಿದ್ದಾರೆ. ನಮಗೆ ಬೀಳುವುದೇ 900, ಪೀಸಿಗೆ 100 ನಷ್ಟ ಅಂತಾರೆ ಅಕೌಂಟೆಂಟ್. ಮಷೀನು ಸುಮ್ನೆ ನಿಂತಿರುವಾಗ ಆರ್ಡರ್ ಬಿಡೋಕೆ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಸರ್, 900 ಅನ್ನೋದು ಸರಾಸರಿ. ತಿಂಗಳ ಕೊನೆಯ ಲೆಕ್ಕಕ್ಕೆ ಅದು ಸರಿ, ಈ ಆರ್ಡರ್ ತಗೋಬೇಕಾ ಅನ್ನುವ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಇಲ್ಲಿ ಕೇಳಬೇಕಾದದ್ದು ಒಂದೇ: ಆರ್ಡರ್ ತಗೊಂಡರೆ ಯಾವ ಖರ್ಚು ಹೊಸದಾಗಿ ಬರುತ್ತದೆ, ಯಾವುದು ಇದ್ದಷ್ಟೇ ಇರುತ್ತದೆ?

ಬಾಡಿಗೆ, ಸಂಬಳ ಎರಡೂ ಇದ್ದಷ್ಟೇ. ಹೊಸದಾಗಿ ಬರುವುದು ಪೀಸಿಗೆ 600. ಬರುವ 800ರಲ್ಲಿ 200 ಉಳಿಯುತ್ತದೆ. ಇದನ್ನೇ ಕಾಂಟ್ರಿಬ್ಯೂಷನ್ ಅನ್ನುತ್ತೇವೆ. 200 ಪೀಸಿಗೆ ತಿಂಗಳಿಗೆ 40,000.

ನಂಬಿಕೆ ಬರದಿದ್ದರೆ ಪೂರ್ತಿ ತಿಂಗಳ ಲೆಕ್ಕ ಹಾಕಿ ನೋಡಿ. ಈಗ 700 ಪೀಸಿಗೆ 400ರಂತೆ 2,80,000, ಅದರಲ್ಲಿ 2,10,000 ಕಳೆದರೆ ಲಾಭ 70,000. ಆರ್ಡರ್ ಸೇರಿದರೆ 1,10,000. ಅಕೌಂಟೆಂಟ್ ಹೇಳಿದಂತೆ ಪೀಸಿಗೆ 100 ನಷ್ಟ ಆಗುವುದಾದರೆ ಲಾಭ 50,000ಕ್ಕೆ ಇಳಿಯಬೇಕಿತ್ತು, ಅಲ್ವಾ?

ಆದರೆ ಇದು ಮಷೀನು ಖಾಲಿ ಇದ್ದರೆ ಮಾತ್ರ ನಿಲ್ಲುವ ಲೆಕ್ಕ. ಹಾಗಾಗಿ ಹೌದು ಅನ್ನುವ ಮೊದಲು ಎರಡು ವಿಷಯ ಹೇಳಿ. ಈ ರ್‍ಯಾಕ್ ನಿಮ್ಮ ಮಾಮೂಲಿ ರ್‍ಯಾಕಿನಂತೆಯೇ ಇದೆಯಾ? ದುಡ್ಡು ಯಾವಾಗ ಬರುತ್ತದೆ?

ಪ್ರಶ್ನೆ ಕೇಳಿದವರು: ಅಳತೆ ಅದೇ ಮೇಡಂ. ಆದರೆ ಅವರಿಗೆ ಎರಡು ಸಲ ಕೋಟಿಂಗ್ ಬೇಕಂತೆ. ನಮ್ಮ ರ್‍ಯಾಕ್ ಕೋಟಿಂಗ್ ಓವನ್‌ನಲ್ಲಿ 15 ನಿಮಿಷ, ಇದು 30 ನಿಮಿಷ ತಗೊಳ್ಳುತ್ತದೆ. ಓವನ್ ತಿಂಗಳಿಗೆ 200 ಗಂಟೆ ಓಡುತ್ತದೆ. ಕೋಟಿಂಗ್ ಪುಡಿ ಖರ್ಚು 600ರಲ್ಲೇ ಸೇರಿದೆ. ಪೇಮೆಂಟು 90 ದಿನಕ್ಕೆ.

ಉತ್ತರ: ಹಾಗಾದರೆ ಇಡೀ ಲೆಕ್ಕ ತಿರುಗಿತು ಸರ್. ಮೊದಲು ಓವನ್ ನೋಡೋಣ.

700 ಮಾಮೂಲಿ ರ್‍ಯಾಕಿಗೆ 175 ಗಂಟೆ ಹೋಗುತ್ತದೆ. ಉಳಿಯುವುದು 25. ಹೊಸ ಆರ್ಡರಿಗೆ ಬೇಕಾದದ್ದು 100. ಕಟಿಂಗು, ವೆಲ್ಡಿಂಗು ಎಷ್ಟೇ ಖಾಲಿ ಇರಲಿ, ನಿಮ್ಮ ಬಾಟಲ್‌ನೆಕ್, ಅಂದರೆ ಇಡೀ ಕೆಲಸವನ್ನು ತಡೆಯುವ ಜಾಗ, ಓವನ್. ನೀವು ಹೇಳಿದ 1,000 ಉಳಿದ ಮಷೀನುಗಳ ಲೆಕ್ಕ, ಓವನ್‌ನಲ್ಲಿ ಮಾಮೂಲಿ ರ್‍ಯಾಕ್ ಆಗುವುದು 800 ಮಾತ್ರ. ಇನ್ನು 75 ಗಂಟೆ ಬೇಕೆಂದರೆ 300 ಮಾಮೂಲಿ ರ್‍ಯಾಕ್ ಬಿಡಬೇಕು. ಅದರಿಂದ ಕೈಬಿಡುವ ಕಾಂಟ್ರಿಬ್ಯೂಷನ್ 1,20,000. ಬರುವುದು 40,000. ಆರ್ಡರ್ ತಗೊಂಡು ತಿಂಗಳಿಗೆ 80,000 ಕಳೆದುಕೊಳ್ಳುತ್ತೀರಿ, ಅದೂ ಖಾತೆಯಲ್ಲಿ ಎಲ್ಲೂ 'ನಷ್ಟ' ಅಂತ ಕಾಣಿಸದೆ. ಅರ್ಥಶಾಸ್ತ್ರದವರು ಆಪರ್ಚುನಿಟಿ ಕಾಸ್ಟ್ ಅನ್ನುವುದು ಇದಕ್ಕೇ. ಬಿಲ್ ಬರುವುದಿಲ್ಲ, ಆದರೂ ಖರ್ಚೇ.

ಇಂಥ ಕಡೆ ಪೀಸಿನ ಲೆಕ್ಕ ಬಿಟ್ಟು ಓವನ್ ಗಂಟೆಯ ಲೆಕ್ಕ ಹಾಕಿ. ಮಾಮೂಲಿ ರ್‍ಯಾಕ್ ಗಂಟೆಗೆ 1,600 ತರುತ್ತದೆ, ಹೊಸದು 400. ಇದೊಂದು ಅಂಕಿ ಗೋಡೆ ಮೇಲೆ ಬರೆದಿಟ್ಟುಕೊಳ್ಳಿ, ಮುಂದಿನ ಆರ್ಡರ್‌ಗಳಿಗೂ ಬೇಕಾಗುತ್ತದೆ.

ದಾರಿ ಇಲ್ಲ ಅಂತಲ್ಲ. 50 ಪೀಸ್ ನಿಮ್ಮಲ್ಲೇ ಆಗುತ್ತದೆ. ಉಳಿದ 150ಕ್ಕೆ ಕೋಟಿಂಗ್ ಹೊರಗೆ ಜಾಬ್ ವರ್ಕ್ ಕೊಡಿಸಿ. ಪೀಸಿಗೆ ಹೆಚ್ಚುವರಿ 120 ಆದರೂ 80 ಉಳಿಯುತ್ತದೆ. 50 ಪೀಸಿನಿಂದ 10,000, 150ರಿಂದ 12,000, ಒಟ್ಟು 22,000. ಹೆಚ್ಚುವರಿ 200 ಮುಟ್ಟಿದರೆ ಆ 150 ಪೀಸ್ ದಂಡ.

ಇನ್ನು 90 ದಿನ. ಹೊರಗಿನ ಕೋಟಿಂಗ್ ಸೇರಿ ತಿಂಗಳಿಗೆ 1,38,000 ಹಾಕುತ್ತೀರಿ. ಮೊದಲ ದುಡ್ಡು ಬರುವಷ್ಟರಲ್ಲಿ 4,14,000 ಸಿಕ್ಕಿಕೊಂಡಿರುತ್ತದೆ. ವರ್ಷಕ್ಕೆ 12% ಬಡ್ಡಿ ಅಂದುಕೊಂಡರೆ ಒಂದು ತಿಂಗಳ ಮಾಲಿಗೆ ಸುಮಾರು 4,100 ಬಡ್ಡಿ. ಅದನ್ನು ತಡೆದುಕೊಳ್ಳಬಹುದು. ನನಗೆ ಭಯ ಬಡ್ಡಿಯದ್ದಲ್ಲ. ಆ 4,14,000 ನಿಮ್ಮ ಹತ್ತಿರ ಇದೆಯಾ? ಮಾಮೂಲಿ ಆರ್ಡರಿನ ಕಚ್ಚಾ ಮಾಲಿಗೆ ಇಟ್ಟ ದುಡ್ಡನ್ನೇ ಇದಕ್ಕೆ ಹಾಕಿದರೆ, ಪುಸ್ತಕದಲ್ಲಿ ಲಾಭ ಇರುತ್ತದೆ, ಕೂಲಿ ಕೊಡೋಕೆ ಕೈಯಲ್ಲಿ ಕಾಸಿರುವುದಿಲ್ಲ. ಲಾಭ ಇದ್ದೂ ಬಾಗಿಲು ಮುಚ್ಚುವ ವ್ಯವಹಾರಗಳು ಬಹುಪಾಲು ಎಡವುವುದು ಇಲ್ಲೇ.

ಜೊತೆಗೆ, ಅವರು ಹೊಸಬರು. ಮೂರು ತಿಂಗಳ ಉಳಿತಾಯ ಒಟ್ಟು 66,000. ಒಂದು ತಿಂಗಳ ಬಿಲ್ಲು 1,60,000. ಅದೊಂದು ಬರದೇ ಹೋದರೆ ಎಲ್ಲ ಉಳಿತಾಯ ಹೋಗಿ ಮೇಲೆ 94,000 ಕೈಯಿಂದ. ಹಾಗಾಗಿ ಕಚ್ಚಾ ಮಾಲಿನ ದುಡ್ಡು ಅಡ್ವಾನ್ಸ್ ಕೇಳಿ. ಕೊಡದಿದ್ದರೆ ಮೊದಲ ತಿಂಗಳು 50 ಪೀಸ್ ಮಾತ್ರ ಕೊಟ್ಟು, ಬಿಲ್ ಹೇಗೆ ಬರುತ್ತದೆ ನೋಡಿ.

ಇನ್ನೊಬ್ಬ ಸದಸ್ಯರು: ಮೇಡಂ, 600ರ ಮೇಲೆ ಎಷ್ಟು ಬಂದರೂ ಲಾಭ ಅನ್ನುವುದಾದರೆ ಎಲ್ಲರಿಗೂ 800ಕ್ಕೆ ಕೊಟ್ಟು ಘಟಕ ತುಂಬಿಸಬಹುದಲ್ವಾ?

ಉತ್ತರ: ಬೇಡ, ದಯವಿಟ್ಟು. ಓವನ್ ಅಡ್ಡಿ ಇಲ್ಲ ಅಂದುಕೊಂಡು 1,000 ರ್‍ಯಾಕನ್ನೂ 800ಕ್ಕೆ ಮಾರಿದರೆ ಕಾಂಟ್ರಿಬ್ಯೂಷನ್ 2,00,000. ಫಿಕ್ಸೆಡ್ ಖರ್ಚು 2,10,000. ಒಂದು ಗಂಟೆಯೂ ಖಾಲಿ ಬಿಡದೆ ದುಡಿದು ತಿಂಗಳಿಗೆ 10,000 ನಷ್ಟ. ಬಾಡಿಗೆಯನ್ನು 700 ರ್‍ಯಾಕ್ ಕೊಳ್ಳುವ ಮಾಮೂಲಿ ಗಿರಾಕಿಗಳು ಹೊತ್ತಿದ್ದಾರೆ, ಅದಕ್ಕೇ 800ರ ರೇಟು ಸಾಧ್ಯವಾಗುತ್ತಿದೆ. ಅವರಿಗೆ ಈ ರೇಟು ಗೊತ್ತಾಗಿ 100 ಇಳಿಸಿ ಅಂದರೆ ತಿಂಗಳಿಗೆ 70,000 ಹೋಯಿತು. ಹೊಸ ಆರ್ಡರಿಗೆ ಬೇರೆ ಬಣ್ಣ, ಬೇರೆ ಮಾಡೆಲ್ ನಂಬರ್ ಇಟ್ಟು, ಮೂರು ತಿಂಗಳ ರೇಟು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ.

ಮತ್ತೊಬ್ಬ ಸದಸ್ಯರು: ನನ್ನದು ಸ್ವಲ್ಪ ಬೇರೆ. ಜಾಸ್ತಿ ದುಡ್ಡು ಹಾಕಿ ತಂದ ಮಷೀನು ಇದೆ, ಅದರ ಕೆಲಸ ಲಾಭ ಕೊಡುತ್ತಿಲ್ಲ. ಹಾಕಿದ್ದು ವಾಪಸ್ ಬರುವವರೆಗಾದರೂ ಓಡಿಸಬೇಕಲ್ವಾ?

ಉತ್ತರ: ಹಾಕಿದ್ದು ಹೋಯಿತು. ಓಡಿಸಿದರೂ ನಿಲ್ಲಿಸಿದರೂ ಅದು ಬದಲಾಗುವುದಿಲ್ಲ, ಸಂಕ್ ಕಾಸ್ಟ್ ಅದು. ದೊಡ್ಡ ಸರ್ಕಾರಗಳಿಗೂ ಇದು ಕಷ್ಟವೇ. ಬ್ರಿಟನ್ ಮತ್ತು ಫ್ರಾನ್ಸ್ 1962ರಲ್ಲಿ ಕಾಂಕಾರ್ಡ್ ವಿಮಾನಕ್ಕೆ ಒಪ್ಪಂದ ಮಾಡಿಕೊಂಡವು. ಖರ್ಚು ಅಂದಾಜನ್ನು ಎಷ್ಟೋ ಪಟ್ಟು ಮೀರಿದರೂ ಕೈಬಿಡಲಿಲ್ಲ. ವಿಮಾನ ಕಂಪನಿಗಳ ಸೇವೆಗೆ ಬಂದದ್ದು ಬರೀ 14. ಈ ತಪ್ಪು ಯೋಚನೆಗೆ ಕಾಂಕಾರ್ಡ್ ಹೆಸರೇ ಅಂಟಿಕೊಂಡಿದೆ.

ನೀವು ನೋಡಬೇಕಾದದ್ದು ಇವತ್ತು ಮಾರಿದರೆ ಎಷ್ಟು ಸಿಗುತ್ತದೆ, ಇಟ್ಟುಕೊಂಡರೆ ಮುಂದೆ ಖರ್ಚು ಕಳೆದು ಎಷ್ಟು ತರುತ್ತದೆ. ಕೊಂಡ ಬೆಲೆ ಈ ಎರಡರಲ್ಲೂ ಇಲ್ಲ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ನಾಳೆ ಪಾರ್ಟಿ ಹತ್ತಿರ ಮಾತಾಡುತ್ತೇನೆ. ಮೊದಲು ಏನು ಕೇಳಲಿ, ರೇಟಾ, ಅಡ್ವಾನ್ಸಾ?

ಉತ್ತರ: ಎರಡಕ್ಕೂ ಮೊದಲು, ಎರಡನೇ ಕೋಟಿಂಗ್ ನಿಜವಾಗಿ ಬೇಕಾ ಅಂತ ಕೇಳಿ ಸರ್. ರ್‍ಯಾಕ್ ಒಳಗಡೆ ಇಡುವುದಾದರೆ ಒಂದೇ ಸಾಕಾಗಬಹುದು. ಒಪ್ಪಿದರೆ ಅದೇ 25 ಗಂಟೆಯಲ್ಲಿ 100 ಪೀಸ್ ನಿಮ್ಮಲ್ಲೇ ಆಗುತ್ತದೆ. ಆಮೇಲೆ ಅಡ್ವಾನ್ಸ್. ರೇಟು ಕೊನೆಗೆ.